ಬೆಣ್ಣೆಯಿಲ್ಲದ ಸೂಪು

ಆರು ತಿಂಗಳಿಗೊಮ್ಮೆ ಹೊಟ್ಟೆಗೊಂದು ಚುಚ್ಚುಮದ್ದು. ರಕ್ತದಲ್ಲಿ ಕೊಬ್ಬು ಏರಿಸುವ ವಂಶವಾಹಿಯ ಬಾಯಿ ಕಟ್ಟುವ ಹೊಸ ಔಷಧಿಯ ಪರೀಕ್ಷೆ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚುವ ನರ್ಸ್ ಮಾರಿಟ್‌ಗೂ ಗೊತ್ತಿಲ್ಲ. ಎರಡು ವರ್ಷ ಮುಗಿದ ಮೇಲೆ ಎಲ್ಲರಿಗೂ ಔಷಧಿಯೇ. ಅಲ್ಲಿಯವರೆಗೆ ಹೊರಗೆಲ್ಲೂ ಕೊಲೆಸ್ಟರಾಲ್ ನೋಡಿಸಬಾರದು.

ಅರ್ಲೀನ್‌ಗೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಒಮ್ಮೆ ಹೃದಯಾಘಾತವಾಗಿತ್ತು, ಕೊಬ್ಬಿಳಿಸುವ ಮಾತ್ರೆಗಳು ಮೈಗೆ ಒಗ್ಗಿರಲಿಲ್ಲ. ಅಣ್ಣ ಐವತ್ತೆರಡಕ್ಕೇ ಹಿಮ ಎತ್ತುತ್ತ ಅಂಗಳದಲ್ಲಿ ಕುಸಿದಿದ್ದ.

"ಹೊರಗೆಲ್ಲಾದ್ರೂ ನೋಡಿಸಿದ್ರಾ ಅರ್ಲೀನಕ್ಕ?" ಚುಚ್ಚುವ ಮೊದಲು ಮಾರಿಟ್ ಪ್ರತಿಸಲದಂತೆ ಕೇಳಿದಳು.

ಕಳೆದ ಭಾನುವಾರ ಡುಲುತ್‌ನ ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆ ಮುಗಿದ ಮೇಲಿನ ಕಾಫಿ ಹೊತ್ತಿಗೆ, ಆರೋಗ್ಯ ತಪಾಸಣೆಯ ಮೇಜಿನ ಹಿಂದೆ ಅಣ್ಣನ ಹೆಂಡತಿ ವರ್ನಾ ಕೂತಿದ್ದಳು. "ಬೆರಳು ಕೊಡೇ. ಪಾದ್ರಿನೇ ಕೊಟ್ಟಾಯ್ತು, ನೀನೇನು ಮಹಾರಾಣಿನಾ?"

ಸಕ್ಕರೆ ನೋಡುತ್ತಾರೆಂದುಕೊಂಡು ಅರ್ಲೀನ್ ಬೆರಳು ಚಾಚಿದ್ದಳು. ಚುಚ್ಚಿದ ಮೇಲೆ ಯಂತ್ರಕ್ಕಂಟಿಸಿದ್ದ 'ಕೊಲೆಸ್ಟರಾಲ್' ಎಂಬ ಚೀಟಿ ಕಣ್ಣಿಗೆ ಬಿದ್ದಿತ್ತು. "ಅತ್ತಿಗೆ, ನಂಬರ್ ಮಾತ್ರ ಹೇಳ್ಬೇಡ." ವರ್ನಾ ಯಂತ್ರ ನೋಡಿದಳು. ಅದನ್ನು ಮಗುಚಿಟ್ಟಳು.

ಮಾರನೆಯ ದಿನ ಬಾಗಿಲಲ್ಲಿ ಬಾರ್ಲಿ ಸೂಪು. ಮಂಗಳವಾರವೂ, ಬುಧವಾರವೂ. ಹಸಿರು ಬೀನ್ಸಿಗೂ ಕೆನೆ ಸುರಿಯುವ, ಅರ್ಲೀನಳ ಪಥ್ಯವನ್ನು "ಮೊಲದ ಮೇವು" ಎಂದು ಆಡಿಕೊಳ್ಳುವ ವರ್ನಾಳ ಕೈಯ ಸೂಪಿನಲ್ಲಿ ಒಂದು ಚೂರು ಬೆಣ್ಣೆಯಿರಲಿಲ್ಲ. ಮೂರನೆಯ ದಿನ ಅರ್ಲೀನ್ ಚಮಚ ಕೆಳಗಿಟ್ಟಿದ್ದಳು. ನಂಬರ್ ಇಳಿದಿಲ್ಲ; ಇಷ್ಟು ದಿನ ಮೈಗೆ ಹೋದದ್ದು ಔಷಧಿಯಲ್ಲ, ಬರೀ ಉಪ್ಪುನೀರು.

ಈಗ ಮಾರಿಟ್‌ಗೆ ಇಲ್ಲ ಅಂದುಬಿಟ್ಟರೆ ಪರೀಕ್ಷೆಯಲ್ಲೇ ಉಳಿಯಬಹುದು, ಇನ್ನೊಂದು ವರ್ಷ ಕಳೆದ ಮೇಲೆ ಔಷಧಿ. ಆ ವರ್ಷವನ್ನು ಈ ಹೃದಯ ದಾಟಬೇಕಲ್ಲ. ಲೆಕ್ಕ ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು.

"ಚರ್ಚಲ್ಲಿ ಚುಚ್ಚಿದ್ರು. ನಾನು ನಂಬರ್ ನೋಡಿಲ್ಲ. ಅತ್ತಿಗೆ ನೋಡಿದ್ಲು."

ಮಾರಿಟ್ ಪೆನ್ನು ಕೆಳಗಿಟ್ಟಳು. "ಏನಂದ್ರು?"

"ಏನೂ ಅನ್ಲಿಲ್ಲ. ಸೂಪು ತಂದ್ಲು. ಬೆಣ್ಣೆ ಇಲ್ದೆ."

ಮಾರಿಟ್ ಕೂಡ ಕೆಟ್ಟ ಸುದ್ದಿಯನ್ನು ಬಾಯಲ್ಲಿ ಹೇಳದೆ ಊಟ ಹೊತ್ತು ತರುವ ಇದೇ ಊರಿನವಳು, ಬಿಡಿಸಿ ಹೇಳಬೇಕಾಗಲಿಲ್ಲ. "ಡಾಕ್ಟರಿಗೆ ಹೇಳ್ಬೇಕಾಗತ್ತೆ ಅಕ್ಕ. ನಿಮ್ಮನ್ನ ಪರೀಕ್ಷೆಯಿಂದ ಬಿಡಿಸ್ಬಹುದು. ಬೇರೆ ದಾರಿ ಹುಡುಕ್ತಾರೆ."

"ಹುಡುಕ್ಲಿ. ಕಾಯೋದಕ್ಕೆ ನನ್ ಕೈಲಿ ಇನ್ನಾಗಲ್ಲ."

ಮಾರಿಟ್ ಡಾಕ್ಟರನ್ನು ಕರೆಯಲು ಹೋದಳು. ಅರ್ಲೀನ್ ಹೊಟ್ಟೆಯ ಮೇಲೆ ಎತ್ತಿಕೊಂಡಿದ್ದ ಅಂಗಿಯನ್ನು ಮೆಲ್ಲಗೆ ಕೆಳಗೆಳೆದುಕೊಂಡಳು.