ಕರಿಕಿವಿಯ ರಕ್ತ

ಅವ್ವನ ಕೈ ಮತ್ತೆ ಗಾಳಿಯಲ್ಲಿ ನಿಂತಿದೆ, ಕುರಿಯ ಕಿವಿಯಷ್ಟೇ ಎತ್ತರದಲ್ಲಿ, ರೊಪ್ಪದ ಬಾಗಿಲಲ್ಲಿ ಕೂತು ಒಂದೊಂದು ಕುರಿಯ ಮುಖವನ್ನೂ ಮುಟ್ಟಿ ಒಳಗೆ ಬಿಡುತ್ತಾಳೆ, ಒಂದನ್ನೂ ಮರೆತಿಲ್ಲ, ಹೆತ್ತ ಮಗ ನಾನು ಮಾತ್ರ ಯಾರೋ, ಯಾವೂರಪ್ಪ ನಿಂದು ಅನ್ನುತ್ತಾಳೆ — ಥೂ, ಶಿರಾದ ದನದಾಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಕಾಂಪೌಂಡರ್ ನಾನು, ತಾಯತ ಕಟ್ಟಿಸೋಣ ಎಂದ ಹೆಂಡತಿ ಕರಿಯಕ್ಕನನ್ನೂ ಬೂದಿ ಕೊಟ್ಟ ಪೂಜಾರಿ ಚೌಡಯ್ಯನನ್ನೂ ನೋಡಿ ಹಲ್ಲು ಬಿಟ್ಟು ನಕ್ಕವನು, ದಡ್ಡ ಮುಂಡೇವಾ, ಇದು ಮಿದುಳಿನ ರೋಗ, ಬೂದಿಗೇನು ಗೊತ್ತು ಎಂದವನು. ಈ ಎಂಬತ್ತಾರರ ಯುಗಾದಿ ಮುಗಿದ ಮೇಲೆ ಬೆಂಗಳೂರಿನ ಡಾಕ್ಟರ್ ಗಂಗಾಧರಯ್ಯ ತನ್ನ ಪ್ರಯೋಗಕ್ಕೆ ಕುರಿ ಹುಡುಕಿಕೊಂಡು ಬಂದಾಗ ಮಾತ್ರ ಕೈಕಟ್ಟಿ ನಿಂತೆ, ಆತನ ಬಿಳಿ ಕೋಟೇನು, ಐಸ್ ಡಬ್ಬಿಯೇನು, ಕುರಿ ಹತ್ತಿರ ಬಂದರೆ ಮೂಗಿಗೆ ಹೋಗುವ ಕರವಸ್ತ್ರವೇನು, ಆತ ಹೇಳಿದ, ಮರೆವಿನ ರೋಗದಲ್ಲಿ ಸತ್ತವರ ಮಿದುಳಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಗಸಿಯ ಹಾಗೆ ಕಟ್ಟಿರುತ್ತೆ ಯತ್ತಪ್ಪ, ಅದನ್ನ ಕುರಿಗೆ ಚುಚ್ಚಿದರೆ ಕುರಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತೆ, ಅದು ಆ ಪ್ರೋಟೀನನ್ನ ಗುರುತು ಹಿಡಿದು ಅಂಟಿಕೊಳ್ಳುತ್ತೆ — ಗುರುತು ಹಿಡಿಯುತ್ತೆ, ಅದೊಂದು ಮಾತೇ ಸಾಕಾಯಿತು ನನಗೆ, ನಮ್ಮ ಕುರಿ ಕರಿಕಿವಿಯನ್ನು ಕೊಟ್ಟೆ, ತಾಯಿ ಸತ್ತ ಮರಿಯಾಗಿದ್ದಾಗ ಅವ್ವ ಒಳಲೆಯಲ್ಲಿ ಹಾಲು ಹುಯ್ದು ಸಾಕಿದ್ದು, ಮೂರು ತಿಂಗಳು ಚುಚ್ಚಿದ, ಬಾಟಲಿ ತುಂಬ ರಕ್ತ ಎಳೆದ, ನಮ್ಮವ್ವಂಗೆ ಯಾವಾಗ ಕೊಡ್ತೀರಾ ಸಾರ್ ಅಂದರೆ ನಕ್ಕ, ಇದು ಔಷಧಿ ಅಲ್ಲಯ್ಯ, ಸತ್ತವರ ಮಿದುಳಿನ ಚೂರಿಗೆ ಬಣ್ಣ ಹಿಡಿಸಿ ನೋಡೋಕೆ, ಬದುಕಿರೋರಿಗಲ್ಲ. ಬದುಕಿರೋರಿಗಲ್ಲವಂತೆ! ಜೀಪು ಹತ್ತಿ ಹೋದ, ಓದಿದ ಕತ್ತೆ. ಗುರುತು ಗೊತ್ತಿರುವ ರಕ್ತಕ್ಕೆ ಹೊಟ್ಟೆಯಿಂದ ತಲೆಗೆ ದಾರಿ ಗೊತ್ತಿರೋದಿಲ್ಲವೇ ಎಂದು ಈ ಮಹಾ ಕಾಂಪೌಂಡರ್ ಮರುದಿನ ಬೆಳಿಗ್ಗೆ ಕರಿಕಿವಿಯ ಕತ್ತು ಕೊಯ್ದ, ರಕ್ತಕ್ಕೆ ಈರುಳ್ಳಿ ಹಾಕಿ ತಾನೇ ಹುರಿದ, ಬ್ಯಾಡ ಕಣಯ್ಯೋ, ಅತ್ತೆ ತಾನು ಸಾಕಿದ್ದ ಬಾಯಿಗಿಡಾಕಿಲ್ಲ, ಪಾಪ ಸುತ್ಕಂತದೆ ಎಂದಳು ಕರಿಯಕ್ಕ, ಮುಚ್ಕೊಂಡು ಮುದ್ದೆ ತಿರುವು ಹೋಗ್ ಎಂದೆ, ಕೈಯಾರೆ ತಿನ್ನಿಸಿದೆ, ಅವ್ವ ಬಟ್ಟಲು ಬಳಿದು ತಿಂದಳು, ಚೆಂದಾಗೈತೆ ಕಣಪ್ಪ, ನಿಮ್ಮವ್ವ ಮಾಡಿದ್ದಾ ಎಂದಳು. ಚೌಡಯ್ಯನೇ ವಾಸಿ, ಅವನ ಬೂದಿ ಯಾರ ಕತ್ತನ್ನೂ ಕೊಯ್ಯಲಿಲ್ಲ. ಇವತ್ತಿಗೆ ಒಂಬತ್ತು ದಿನ, ನಾನಿನ್ನೂ ಯಾವೂರವನೋ, ಕುರಿಗಳೆಲ್ಲ ಒಳಗೆ ಹೋದವು, ಬಾಗ್ಲಾಕನ ಏಳವ್ವ ಅಂದರೆ ತಡಿಯಪ್ಪ, ಕರಿಕಿವಿ ಬಂದಿಲ್ಲ, ಅದು ಯಾವಾಗ್ಲೂ ಕೊನೇಗೇ ಬರಾದು, ನೀನೇನಾರ ಕಂಡ್ಯಾ — ಇಲ್ಲ ಕಣವ್ವ ಎಂದೆ, ಎಂದುಬಿಟ್ಟೆ, ನಂಬಿದಳು, ಕೈ ಮಾತ್ರ ಇಳಿಸುತ್ತಿಲ್ಲ, ಗಾಳಿಯಲ್ಲಿ, ಕುರಿಯ ಕಿವಿಯಷ್ಟೇ ಎತ್ತರದಲ್ಲಿ.