ನೀರು ಕುಡಿದ ದೋಣಿ

ನನ್ನ ಗಂಡ ವಿಲ್ಯೊ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಅಷ್ಟು ವರ್ಷಗಳಲ್ಲಿ ಪ್ರಯಾಣಿಕರ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಒಂದು ಅಂಚೆ ಕಾರ್ಡು ತುಂಬುವುದು ಅನುಮಾನ. ಅಂಥವನು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕಿಟಕಿಯಾಚೆ ಹೆಪ್ಪುಗಟ್ಟಿದ್ದ ಸರೋವರ ನೋಡುತ್ತ ಕಾಫಿ ಕುಡಿಯುತ್ತಿದ್ದವನು, ಇದ್ದಕ್ಕಿದ್ದಂತೆ ಬಾಯಿ ಬಿಟ್ಟ.

"ದೋಣಿ ಮಾಡ್ತೀನಿ."

"ಯಾವ ದೋಣಿ?"

"ಮೋಟಾರಿಂದು. ಚಿಕ್ಕದು. ಯುಹನ್ನುಸ್ ಹಬ್ಬಕ್ಕೆ ನಿನ್ನನ್ನ ಹೆಲ್ವಿ ಹತ್ರ ಕರ್ಕೊಂಡು ಹೋಗ್ತೀನಿ."

ನಾನು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಹೆಲ್ವಿ ನನ್ನ ಅಕ್ಕ. ನಮ್ಮ ದಂಡೆಗೆ ಎದುರಾಗಿ, ನಾಲ್ಕು ಕಿಲೋಮೀಟರ್ ನೀರಿನಾಚೆಯ ದ್ವೀಪದಲ್ಲಿ, ಅಪ್ಪನ ಮನೆಯಲ್ಲಿದ್ದಾಳೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆದೇ ಹೋಗಿಬರುತ್ತೇನೆ. ಬೇಸಿಗೆಯಲ್ಲಿ ಮಾತ್ರ ದಾರಿಯಿಲ್ಲ. ಊರಿನ ಸಣ್ಣ ಹಡಗು ನಿಂತು ಮೂರು ವರ್ಷವಾಯಿತು. ಯುಹನ್ನುಸ್ ಅಂದರೆ ಜೂನ್ ತಿಂಗಳ ನಡುಬೇಸಿಗೆಯ ಹಬ್ಬ, ಅಂದು ಸಂಜೆ ದಂಡೆಯಲ್ಲಿ ದೊಡ್ಡ ಬೆಂಕಿ ಹಚ್ಚುವುದು ವಾಡಿಕೆ. ಮೂರು ಯುಹನ್ನುಸ್ ಸಂಜೆ ಅವಳು ಹಚ್ಚಿದ ಬೆಂಕಿಯನ್ನು ನಾನು ಈ ದಂಡೆಯಲ್ಲಿ ನಿಂತು ನೋಡಿದ್ದೇನೆ. ಇನ್ನು ಶರತ್ಕಾಲಕ್ಕೆ ಅವಳು ಮನೆ ಮಾರಿ ಪಟ್ಟಣಕ್ಕೆ ಹೊರಟಿದ್ದಾಳೆ. ಅಪ್ಪನ ದಂಡೆಯಲ್ಲಿ ಹಬ್ಬದ ಬೆಂಕಿ ಏಳುವುದು ಇದೇ ಕೊನೆಯ ಸಲ.

ಪಕ್ಕದ ಮನೆಯ ರೈಮೊನ ಹತ್ತಿರ ಅರಮನೆಯಂಥ ದೋಣಿಯಿದೆ, ನಿಜ. "ಬರ್ತೀರಾ, ಬಿಟ್ಟು ಬರ್ತೀನಿ" ಅಂತ ಅವನಾಗಿಯೇ ಎರಡು ಸಲ ಕೇಳಿದ್ದ. ಎರಡು ಸಲವೂ ನಾವು "ಛೆ, ನಿಮಗ್ಯಾಕೆ ಸುಮ್ನೆ ತೊಂದರೆ" ಅಂದಿದ್ದೆವು. ಮೂರನೇ ಸಲ ಕೇಳಿದ್ದರೆ ಒಪ್ಪುತ್ತಿದ್ದೆವೋ ಏನೋ. ಕೇಳಲಿಲ್ಲ. ನಾವಾಗಿ ಹೋಗಿ ಕೇಳುವುದಂತೂ ನಮ್ಮ ಕಡೆಯವರ ಜಾಯಮಾನಕ್ಕೆ ಒಗ್ಗುವುದಲ್ಲ. ಅದಕ್ಕಿಂತ ದೋಣಿ ಕಟ್ಟುವುದು ಸುಲಭ.

ಕಟ್ಟಿದ. ಊರಿನ ಐಸ್‌ಹಾಕಿ ಆಟದ ಮೈದಾನವನ್ನು ಕೆಡವುತ್ತಿದ್ದರು. ಅದರ ಸುತ್ತಲಿನ ಪ್ಲೈವುಡ್ ಗೋಡೆಯನ್ನು ಪುಕ್ಕಟೆ ಹೊತ್ತು ತಂದ. ಒಂದು ತುಂಡಿನ ಮೇಲೆ ಯಾವುದೋ ಸಾಸೇಜು ಅಂಗಡಿಯ ಜಾಹೀರಾತು ಇನ್ನೂ ಅರ್ಧ ಉಳಿದಿತ್ತು. ಎಂಜಿನ್ನು, ತೀರಿಕೊಂಡ ಅವನ ಚಿಕ್ಕಪ್ಪನ ಕೊಟ್ಟಿಗೆಯದು, ನಾಲ್ಕು ಕುದುರೆಯ ಶಕ್ತಿ. ಅದರಲ್ಲಿ ಎರಡು ಕುದುರೆ ಚಿಕ್ಕಪ್ಪನ ಜೊತೆಗೇ ಹೋಗಿದ್ದವು ಅಂತ ನನ್ನ ಗುಮಾನಿ. ಕೂರಲು ಗುಜರಿಗೆ ಹೋದ ಬಸ್ಸಿನಿಂದ ಇಬ್ಬರ ಸೀಟು. ದುಡ್ಡು ಕೊಟ್ಟು ತಂದದ್ದು ಅಂಟು ಮತ್ತು ಎರಡು ಲೈಫ್ ಜಾಕೆಟ್ಟು, ಅಷ್ಟೇ.

"ಅಂಟಿನಲ್ಲಿ ಜಿಪುಣತನ ಮಾಡಬಾರದು" ಅಂದ.

"ಮಾತಿನಲ್ಲಿ ಮಾಡಬಹುದೇನೋ" ಅಂದೆ. ನಕ್ಕನೋ ಏನೋ, ಮುಖಕ್ಕೆ ಧೂಳಿನ ಮುಖವಾಡ ಇತ್ತು.

ಜೂನ್ ಮೊದಲ ವಾರಕ್ಕೆ ದೋಣಿ ಕೊಟ್ಟಿಗೆಯಿಂದ ಇಳಿದು ದಂಡೆಗೆ ಬಂತು. ಹೊರಮೈಗೆ ಅಂಟು, ಬಟ್ಟೆ, ಬಣ್ಣ ಎಲ್ಲ ಆಗಿತ್ತು. ಒಳಗಿನ್ನೂ ಬರಿಯ ಮರ. ಎಂಜಿನ್ನಿನ ಒಂದು ಬಿಡಿಭಾಗ ಹುಡುಕಿಕೊಂಡು ವಿಲ್ಯೊ ಪಟ್ಟಣಕ್ಕೆ, ತಮ್ಮನ ಮನೆಗೆ ಹೋದ. ಎರಡು ದಿನ ಬಿಟ್ಟು ಬರುತ್ತೇನೆ ಅಂದ.

ಅವನು ಅತ್ತ ಹೋದ, ನನ್ನ ಕೈ ಇತ್ತ ಕಡಿಯತೊಡಗಿತು.

ನಮ್ಮಪ್ಪ ಪ್ರತಿ ವರ್ಷ ಮಂಜು ಕರಗಿದ ಕೂಡಲೇ ದೋಣಿಗೆ ನೀರು ಕುಡಿಸುತ್ತಿದ್ದ. ಚಳಿಗಾಲವೆಲ್ಲ ಒಣಗಿ ಸಂದು ಬಿಟ್ಟ ಹಲಗೆಗಳನ್ನು ದಂಡೆಯ ನೀರಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಕಲ್ಲು ಹೇರಿ ಬಿಡುವುದು. ಎರಡು ದಿನದಲ್ಲಿ ಮರ ಉಬ್ಬಿ ಸಂದುಗಳೆಲ್ಲ ಬಿಗಿಯುತ್ತವೆ. ಆಮೇಲೆ ಹನಿ ನೀರು ಒಳಗೆ ಬರುವುದಿಲ್ಲ. ದೋಣಿಗೆ ನೀರು ಕುಡಿಸಿದವರೇ ಯುಹನ್ನುಸ್ ಬೆಂಕಿ ಹಚ್ಚಬೇಕು, ಅದು ಅಪ್ಪನ ಕಾನೂನು. ಕುಡಿಸುತ್ತಿದ್ದವಳು ಯಾವಾಗಲೂ ಹೆಲ್ವಿ. ದೊಡ್ಡವಳಲ್ಲವೇ! ನಾನು ಬಕೆಟ್ಟು ಹೊರುತ್ತಿದ್ದೆ. ಮೈ ಉರಿದುಹೋಗುತ್ತಿತ್ತು. ಇದನ್ನು ವಿಲ್ಯೊನ ಮುಂದೆ ನೂರು ಸಲ ಹೇಳಿಕೊಂಡು ಅಲವತ್ತುಕೊಂಡಿದ್ದೇನೆ.

ಅವನು ಮೂರು ತಿಂಗಳು ಒಬ್ಬನೇ ದುಡಿದಿದ್ದ. ನಾನೂ ಒಂದು ಕೈ ಜೋಡಿಸೋಣ ಅನ್ನಿಸಿತು. ದೋಣಿಯನ್ನು ನೀರಿಗೆ ತಳ್ಳಿ, ಬಸ್ ಸೀಟು ಬಿಚ್ಚಿ, ಅರವತ್ತೆರಡು ಬಕೆಟ್ಟು ನೀರು ತುಂಬಿ, ಕಲ್ಲು ಹೇರಿದೆ. ಮುಳುಗಿದ ದೋಣಿಯನ್ನು ನೋಡಿ ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಮಾರನೆಯ ದಿನ ಸಂಜೆ ವಿಲ್ಯೊ ಬಂದ. ನಾನೇ ಕೈಹಿಡಿದು ದಂಡೆಗೆ ಕರೆದೊಯ್ದೆ. ನೋಡಿದವನು ಅಲ್ಲೇ ಕಟ್ಟೆಯ ಮೇಲೆ ಕೂತ.

"ಎಷ್ಟು ಹೊತ್ತಾಯ್ತು?"

"ನಿನ್ನೆ ಬೆಳಿಗ್ಗೆಯಿಂದ. ಯಾಕೋ?"

ಬೂಟು ಕಳಚಿ ಪಕ್ಕಕ್ಕಿಟ್ಟ. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದ. "ಹಲಗೆ ದೋಣಿ ನೀರು ಕುಡಿಯುತ್ತೆ ಐಲಿ. ಪ್ಲೈವುಡ್ ಕುಡಿಯಬಾರದು. ಕುಡಿದ್ರೆ ಪದರ ಪದರ ಬಿಟ್ಕೊಳ್ಳುತ್ತೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಬ್ಬಕ್ಕೆ ಹನ್ನೆರಡು ದಿನವಿತ್ತು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದು ಒಂದೊಂದೇ ಕಲ್ಲು ಎತ್ತತೊಡಗಿದ. ನಾನು ಅಳುತ್ತಲೇ ನೀರು ಮೊಗೆದು ಹೊರಗೆ ಚೆಲ್ಲಿದೆ.

"ಒಣಗಿಸೋಣ" ಅಂದ.

"ಎಲ್ಲಿ? ದಿನಾ ಮಳೆ ಹನೀತಿದೆ."

ಅವನು ನಮ್ಮ ಸೌನಾ ಕಡೆ, ಒಲೆಯ ಮೇಲೆ ಕಲ್ಲು ಕಾಯಿಸಿ ನೀರೆರಚಿ ಹಬೆಸ್ನಾನ ಮಾಡುವ ಮರದ ಕೋಣೆಯ ಕಡೆ, ನೋಡಿದ.

ದೋಣಿಯ ಮೂತಿಯನ್ನು ಸೌನಾದ ಬಾಗಿಲಲ್ಲಿ ತೂರಿಸಿದೆವು. ಅರ್ಧ ಒಳಗೆ, ಅರ್ಧ ಹೊರಗೆ. ಸಂದಿಗೆಲ್ಲ ಕಂಬಳಿ ಕಟ್ಟಿ, ಒಲೆ ಹಚ್ಚಿ, ಕಲ್ಲಿಗೆ ಒಂದು ಹನಿಯೂ ನೀರೆರಚದೆ ಒಣ ಶಾಖ ಕೊಟ್ಟೆವು. ಐದು ದಿನ ಮುಂಭಾಗ, ಐದು ದಿನ ಹಿಂಭಾಗ. ಅಷ್ಟು ದಿನವೂ ನಾವಿಬ್ಬರು ತಣ್ಣನೆಯ ಸರೋವರದಲ್ಲಿ ಹಲ್ಲು ಕಟಕಟಿಸುತ್ತ ಮಿಂದೆವು. ಶನಿವಾರ ಬೇಲಿಯಾಚೆಯಿಂದ ರೈಮೊ ಇಣುಕಿದ.

"ಸೌನಾದಲ್ಲಿ ಯಾರು?"

"ದೋಣಿ" ಅಂದ ವಿಲ್ಯೊ.

ರೈಮೊ ತಲೆಯಾಡಿಸಿ ಹೊರಟುಹೋದ. ಮರುಪ್ರಶ್ನೆ ಕೇಳುವ ಜನ ನಾವಲ್ಲ.

ಹನ್ನೊಂದನೆಯ ದಿನ ವಿಲ್ಯೊ ಬಿಟ್ಟುಕೊಂಡ ಪದರಗಳಿಗೆ ಅಂಟು ತುಂಬಿ, ಭಾರ ಹೇರಿ, ಒಳಗೆಲ್ಲ ಬಣ್ಣ ಬಳಿದ. ತಳದಲ್ಲಿ ಒಂದು ಕಡೆ ಮಾತ್ರ ಹಪ್ಪಳದಂತೆ ಉಬ್ಬಿದ ಗುಳ್ಳೆ ಏನು ಮಾಡಿದರೂ ಕೂರಲಿಲ್ಲ.

"ಇರಲಿ ಬಿಡು" ಅಂದ. "ನಿನ್ನ ಕಾಲಿಡೋ ಜಾಗ."

ಹಬ್ಬದ ಸಂಜೆ ಹೊರಟೆವು. ಮಡಿಲಲ್ಲಿ ಹೊಸ ಆಲೂಗಡ್ಡೆ, ಮೀನಿನ ಡಬ್ಬಿ, ಏಲಕ್ಕಿ ಬನ್ನು. ಎಂಜಿನ್ನು ಕೆಮ್ಮಿತು, ಉಗುಳಿತು, ಆಮೇಲೆ ಪಟಪಟ ಅಂತ ನಡೆಯಿತು. ನನ್ನ ಕಣ್ಣು ತಳದ ಮೇಲೆಯೇ ನೆಟ್ಟಿತ್ತು. ಒಣಗಿತ್ತು. ನಟ್ಟನಡುವೆ ಎಂಜಿನ್ನು ಗಪ್ಪನೆ ನಿಂತಿತು. ಅದೇ ಹೊತ್ತಿಗೆ ಸರಿಯಾಗಿ ರೈಮೊನ ಅರಮನೆ ಬಂತು.

"ಹಗ್ಗ ಕೊಡ್ಲಾ?"

"ಬೇಡ, ಬೇಡ" ಅಂದ ವಿಲ್ಯೊ. "ನೋಟ ನೋಡ್ತಾ ಇದೀವಿ."

ರೈಮೊ ಮರೆಯಾಗುವವರೆಗೂ ನಾವು ನೋಟ ನೋಡಿದೆವು. ನೋಡಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ವಿಲ್ಯೊ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ, ಒಳಗೆ ಗಾಳಿ ಬಿಡುವ ತಿರುಪನ್ನು ಸಡಿಲಿಸಿದ. ಹೊರಡುವ ಗಡಿಬಿಡಿಯಲ್ಲಿ ಮರೆತಿದ್ದನಂತೆ. ಎಂಜಿನ್ನು ಮತ್ತೆ ಪಟಪಟ ಅಂದಿತು.

ಹೆಲ್ವಿ ದಂಡೆಯಲ್ಲಿ ನಿಂತಿದ್ದಳು, ಅಪ್ಪನ ಹಳೆಯ ಕೋಟು ಹಾಕಿಕೊಂಡು. ಅವಳ ಹಿಂದೆ ಆಳೆತ್ತರದ ಸೌದೆ ರಾಶಿ. ನಾವು ತಬ್ಬಿಕೊಳ್ಳುವ ಪೈಕಿಯಲ್ಲ; ಆದರೂ ಅವಳು ನನ್ನ ತೋಳನ್ನು ನೋವಾಗುವಷ್ಟು ಹಿಡಿದಳು. ಆಮೇಲೆ ಬಗ್ಗಿ ದೋಣಿಯ ತಳ ತಡಕಿದಳು.

"ಹನಿ ನೀರಿಲ್ಲ ಕಣೇ! ನೀರು ಕುಡಿಸಿದ್ರಾ?"

ನನ್ನ ಮುಖಕ್ಕೆ ರಕ್ತ ನುಗ್ಗಿತು. ವಿಲ್ಯೊ ಹಗ್ಗ ಕಟ್ಟುತ್ತಿದ್ದ. ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ, ಒಂದು ಮಾತು ಹೆಚ್ಚು ಆಡಿದವನೂ ಅಲ್ಲ.

"ಐಲಿ ಕುಡಿಸಿದ್ಲು" ಅಂದ. "ಅರವತ್ತೆರಡು ಬಕೆಟ್ಟು. ಒಬ್ಬಳೇ."

ಹೆಲ್ವಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೋಟಿನ ಜೇಬಿಗೆ ಕೈ ಹಾಕಿ ಬೆಂಕಿಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಹಾಗಾದ್ರೆ ಹಚ್ಚು ಮತ್ತೆ. ಏನು ನೋಡ್ತೀಯ?"

ನಾನು ನೋಡುತ್ತಿದ್ದದ್ದು ವಿಲ್ಯೊನನ್ನು. ಅವನು ಕಟ್ಟಿಯಾಗಿದ್ದ ಗಂಟನ್ನೇ ಬಿಚ್ಚಿ, ಬೆನ್ನು ತಿರುಗಿಸಿಕೊಂಡು, ಮತ್ತೆ ಕಟ್ಟುತ್ತಿದ್ದ.