ಕೈಯಷ್ಟಗಲದ ಬೆಳಕು

ಕನ್ನಡಿಯ ಸುತ್ತಲ ಬಲ್ಬುಗಳಲ್ಲಿ ಒಂದು ಮಿಣುಕುತ್ತಿದೆ, ಉರಿಯುವುದಾದರೆ ಉರಿಯಲಿ, ಹೋಗುವುದಾದರೆ ಹೋಗಲಿ, ಈ ನಡುವಿನ ಮಿಣಮಿಣ ಯಾಕೆ, ಎಡಗೆನ್ನೆಯ ಬಣ್ಣ ಬಲಗೆನ್ನೆಯದಕ್ಕಿಂತ ದಪ್ಪವಾಯಿತೋ ಏನೋ, ಗಾಜಿನ ಮೇಲೆ ಯಾರದೋ ಬೆರಳ ಗುರುತು ಬೇರೆ — ಒರೆಸೋಣ ಎಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಥೂ. ಈ ವಾರದಿಂದ ಏನನ್ನೂ ನೆಮ್ಮದಿಯಾಗಿ ಒರೆಸುವ ಹಾಗಿಲ್ಲ. ಹಗಲಿಡೀ ಕನ್ನಡಕದಂಗಡಿಯಲ್ಲಿ ಅವಳ ಕೆಲಸವೇ ಅದು, ಗಿರಾಕಿ ಒಂದು ಫ್ರೇಮು ಮೂಗಿಗೇರಿಸಿ ಇಟ್ಟರೆ ಒರೆಸು, ಇನ್ನೊಂದು ಏರಿಸಿ ಇಟ್ಟರೆ ಒರೆಸು, ಸೊಂಟಕ್ಕೆ ಸದಾ ಸಿಕ್ಕಿಸಿಕೊಂಡ ಹಳದಿ ಬಟ್ಟೆ, ಅದು ಅವಳ ಮೈಯ ಭಾಗವೇ ಆಗಿಬಿಟ್ಟಿದೆ, ಸಂಜೆಯಾದರೆ ಈ ಹವ್ಯಾಸಿ ತಂಡದ ನಾಟಕ, ಬಿಡಿಗಾಸಿಲ್ಲ, ಇದ್ದದ್ದು ಒಂದೇ ಸುಖ, ಎರಡು ಗಂಟೆ ಬೇರೆ ಯಾರೋ ಆಗಿರಬಹುದಿತ್ತು, ಅದಕ್ಕೂ ಮಣ್ಣು ಬಿತ್ತು. ಇನ್ನೇನು ಮೊದಲ ಪ್ರದರ್ಶನ, ಹೊರಗೆ ಕುರ್ಚಿಗಳ ಕಿರುಗುಟ್ಟುವಿಕೆ, ಅವಳ ಪಾತ್ರ ಮನೆಯೊಡತಿಯದು — ಮನೆ ಬಾಡಿಗೆಗೆ ಕೇಳಲು ಬಂದವನನ್ನು ಕೂರಿಸಿ ಮಾತಾಡಿಸಿ, ಅವನು ರೈಲು ಹಳಿಯ ಆಚೆಯವನು ಎಂದು ತಿಳಿದದ್ದೇ ಇಲ್ಲ ಎಂದು ಕಳಿಸುವವಳು, ಇಷ್ಟೇ, ಇಷ್ಟಕ್ಕೆ ಆ ನಿರ್ದೇಶಕ ಎಷ್ಟು ತಲೆ ತಿಂದ! ಎಲ್ಲರನ್ನೂ ನೆಲದ ಮೇಲೆ ಸುತ್ತ ಕೂರಿಸಿ, ಇವಳ ಗುಣಗಳೇನು ಹೇಳಿ, ಈ ಪೂರ್ವಗ್ರಹ ಅವಳೊಳಗೆ ಎಲ್ಲಿ ಕೂತಿದೆ ಹೇಳಿ, ಎಂದ. ಬಾಡಿಗೆದಾರನ ಪಾತ್ರದ ಬ್ಯಾಂಕಿನವನು, ಜಿಪುಣಿ ಸರ್, ಅಂದ. ಇವಳು, ಗಯ್ಯಾಳಿ, ಅಂದಳು, ಅಂದು ಒಂದು ತಿಂಗಳು ಗಯ್ಯಾಳಿಯನ್ನೇ ಆಡಿದಳು, ಕಣ್ಣು ಕೆಕ್ಕರಿಸಿ, ಮೂಗು ಮುರಿದು, ಗಂಟಲು ಹರಿದುಕೊಂಡು. ಅಲ್ಲ ಅಕ್ಕಾ, ಅವಳು ಒಳ್ಳೆಯವಳು, ಒಳ್ಳೆಯವಳಾಗಿದ್ಕೊಂಡೇ ಇಲ್ಲ ಅನ್ಬೇಕು, ನೀವು ಅವಳನ್ನ ನಿಮ್ಮಿಂದ ಬಹಳ ದೂರ ಇಟ್ಟಿದೀರ, ಎಂದ ನಿರ್ದೇಶಕ. ದೂರ ಇಡದೆ ಇನ್ನೇನು ಮಡಿಲಲ್ಲಿ ಕೂರಿಸ್ಕೊಳ್ಳಲಾ ಮಾರಾಯ ಅಂತ ಕೇಳಬೇಕಿತ್ತು, ಕೇಳಲಿಲ್ಲ, ಅವಳಿಗಿಂತ ಹತ್ತು ವರ್ಷ ಚಿಕ್ಕವನಾದರೂ ಅವನಿಗೆ ನೀವು ಅಂತಲೇ ಬಾಯಿಗೆ ಬರುತ್ತದೆ, ತಲೆ ನರೆತ ಲೈಟಿನವನಿಗೆ ನೀನು — ಇದನ್ನು ಈಗ ಯಾರು ಕೇಳಿದರು, ಇಂಥವೆಲ್ಲ ಹೊತ್ತಲ್ಲದ ಹೊತ್ತಿಗೆ ತಾವೇ ಎದ್ದು ಬರುತ್ತವೆ.

ಬ್ಯಾಂಕಿನವನಿಗೆ ಜ್ವರ ಬಂದದ್ದೇ ಎಲ್ಲಕ್ಕೂ ಮೂಲ. ಅವನೊಬ್ಬ ಅವತ್ತು ಒಂದು ಮಾತ್ರೆ ನುಂಗಿ ತಾಲೀಮಿಗೆ ಬಂದಿದ್ದರೆ! ನಿರ್ದೇಶಕ ಏಣಿಯ ಕಡೆ ನೋಡಿ, ನೀವೇ ಬನ್ನಿ, ಸುಮ್ನೆ ಮಾತು ಓದಿ ಸಾಕು, ಅಂದ, ಲೈಟಿನವನು ಇಳಿದು ಬಂದ, ಅಂಗೈಯ ಮಸಿಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತ, ಪೂರ್ತಿ ಕೂರಲಿಲ್ಲ, ಹಾಳೆಯನ್ನು ದೂರ ಹಿಡಿದು ಓದಿದ, ಚಾಳೀಸು ಬಂದಿದೆ, ಕನ್ನಡಕ ಬೇಕು ಇವನಿಗೆ ಎಂದು ಅವಳ ಅಂಗಡಿ ಬುದ್ಧಿ ಲೆಕ್ಕ ಹಾಕಿತು, ಅವನೂ ಹಳಿಯ ಆಚೆಯವನೇ, ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ. ಮನೆ ಇಲ್ಲ ಅಂತೀರಾ ಅಮ್ಮಾ, ಎಂದು ಓದಿ ಎದ್ದ. ಅವಳು ನಗುತ್ತಲೇ ಇಲ್ಲಪ್ಪ ಅಂದಳು, ಅಷ್ಟರಲ್ಲಿ ಸೊಂಟದ ಹಳದಿ ಬಟ್ಟೆ ಕೈಗೆ ಬಂದಿತ್ತು, ಕುರ್ಚಿಯನ್ನು ಒರೆಸಿತ್ತು, ಆಕಡೆಯಿಂದ ಈಕಡೆಗೆ ಒಂದು ಸಲ, ಈಕಡೆಯಿಂದ ಆಕಡೆಗೆ ಒಂದು ಸಲ. ಚಪ್ಪಾಳೆ! ನಿರ್ದೇಶಕ ಕುಣಿದೇಬಿಟ್ಟ, ಅಕ್ಕಾ ಇದೇ, ಇದೇ, ಒಂದು ತಿಂಗಳಿಂದ ನಾನು ಬಡ್ಕೊಳ್ತಿದ್ದದ್ದು ಇದೇ, ಎಲ್ಲಿತ್ತು ಇದು ಇಷ್ಟು ದಿನ! ಎಲ್ಲಿತ್ತೋ. ಅವಳು ಬಾಯಿ ತೆರೆದಳು, ಅಯ್ಯೋ ಅದು ಅಂಗಡಿ ಅಭ್ಯಾಸ, ಅನ್ನುವಷ್ಟರಲ್ಲಿ ಎಲ್ಲರೂ ಕೈ ಕುಲುಕುತ್ತಿದ್ದರು, ಚಪ್ಪಾಳೆ ಯಾರಿಗೆ ಬೇಡ, ಬಾಯಿ ಮುಚ್ಚಿಕೊಂಡಳು. ಲೈಟಿನವನು ಕುರ್ಚಿಯನ್ನೇ ನೋಡುತ್ತಿದ್ದ. ಇದಕ್ಕೆ ಲೈಟ್ ಬೇಕಾ ಸರ್, ಅಂದ. ಬೇಕೇ ಬೇಕು, ಉಳಿದದ್ದೆಲ್ಲ ಕತ್ತಲು, ಕುರ್ಚಿಗೆ ಮಾತ್ರ. ಕುರ್ಚಿಯಷ್ಟಗಲ ಸಾಕಾ, ಕೈಯಷ್ಟಗಲ ಸಾಕಾ? — ಬಟ್ಟೆ ಹೊಲಿಯುವವನು ಅಳತೆ ಕೇಳುವ ಹಾಗೆ, ಅದೇ ದನಿ, ಕೋಪವಿಲ್ಲ ಏನಿಲ್ಲ. ಕೋಪವಾದರೂ ಮಾಡಬಾರದಿತ್ತಾ, ಒಂದು ಮಾತು ಅಂದಿದ್ದರೆ ಇವಳೂ ಎರಡು ಅಂದು ಮುಗಿಸುತ್ತಿದ್ದಳು. ಮಾರನೆ ದಿನ ಏಣಿಯ ಬುಡದಲ್ಲಿ ಹೋಗಿ ನಿಂತು, ತಪ್ಪು ತಿಳ್ಕೋಬೇಡಪ್ಪ, ಕೈಗೆ ಅದೇ ರೂಢಿ, ಎಂದರೆ ಮೇಲಿನಿಂದ, ಹೌದಲ್ಲ ಮೇಡಂ, ನಾಟಕ ಅಲ್ವಾ, ಸ್ವಲ್ಪ ಆಚೆ ನಿಲ್ಲಿ, ಸ್ಕ್ರೂ ಬಿದ್ದೀತು. ಸ್ಕ್ರೂ ಬಿದ್ದೀತಂತೆ!

ರೂಢಿಯೇ ಹೌದು, ಯಾರ ಮುಂದೆ ಬೇಕಾದರೂ ಹೇಳುತ್ತಾಳೆ, ಆದರೆ ಆ ರೂಢಿಗೂ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ, ಸೇರಿದ ದಿನವೇ ಸಾಹುಕಾರ ಹೇಳಿದ್ದು, ನೋಡಮ್ಮ, ಗಿರಾಕಿ ಎದುರಿಗೆ ಒರೆಸ್ಬೇಡ, ಬೆನ್ನು ತಿರುಗಿಸಿದ ಮೇಲೆ ಒರೆಸು, ಇಲ್ದಿದ್ರೆ ಮನಸಿಗೆ ಹಾಕ್ಕೋತಾರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ, ಹಾಗಾದರೆ ಅವತ್ತು, ಅವನು ಎದುರಿಗೇ ನಿಂತಿರುವಾಗ — ಬಿಡು, ನಾಟಕದ ಗಡಿಬಿಡಿ. ಅದೇ ಕುರ್ಚಿಯಲ್ಲಿ ಜ್ವರಕ್ಕೆ ಮುಂಚೆ ದಿನಾ ಬ್ಯಾಂಕಿನವನು ಕೂತು ಎದ್ದಿದ್ದ, ಬೆವರು ಸುರಿಸಿಕೊಂಡು, ಆಗ ಕೈ ಎಲ್ಲಿ ಸತ್ತಿತ್ತು? ಬಿಡು ಅಂದೆನಲ್ಲ. ಮಗಳಿಗೆ ಹೇಳಿದ್ದು ಇನ್ನೊಂದು ದಡ್ಡತನ, ಊಟ ಮಾಡುತ್ತ ನಗುವ ವಿಷಯದಂತೆ ಹೇಳಿದರೆ ಅವಳು ನಗಲಿಲ್ಲ, ನೀನು ಮನೇಲೂ ಒರೆಸ್ತೀಯಲ್ಲಮ್ಮ, ನಲ್ಲಿ ರಿಪೇರಿಯವನು ಹೋದ್ಮೇಲೆ, ನನ್ನ ಫ್ರೆಂಡ್ ಹೋದ್ಮೇಲೆ, ಅಂದಳು. ಯಾವ ಫ್ರೆಂಡು? ಅವಳೇ, ಈಗ ಬರೋದಿಲ್ವಲ್ಲ, ಅವಳು. ಅವತ್ತು ನೀರು ಚೆಲ್ಲಿತ್ತು ಕಣೇ. ಚೆಲ್ಲಿರ್ಲಿಲ್ಲಮ್ಮ. ಚೆಲ್ಲಿತ್ತು. ಮಗಳು ತಟ್ಟೆ ಎತ್ತಿಕೊಂಡು ಹೋದಳು. ಆ ಮಗಳೇ ಈಗ ಹೊರಗೆ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ನಿರ್ದೇಶಕನಿಗೆ, ಆ ಒರೆಸೋದು ತೆಗೆದುಬಿಡೋಣ, ಅಂದದ್ದಕ್ಕೆ, ನಾಟಕದ ಜೀವಾನೇ ತೆಗೀತೀರಾ ಅಕ್ಕಾ, ಎಂದು ಹಲ್ಲು ಕಿರಿದು, ಕೊನೇ ಸಾಲಿಗೂ ಕಾಣಲಿ ಅಂತ ದೊಡ್ಡದೊಂದು ಹಳದಿ ಬಟ್ಟೆ ತಂದು ಇಸ್ತ್ರಿ ಬೇರೆ ಮಾಡಿಸಿ ಕೊಟ್ಟಿದ್ದಾನೆ, ಬಾವುಟ ಹಾರಿಸಬಹುದು ಅದರಲ್ಲಿ. ಆ ಬಟ್ಟೆಯನ್ನೂ ಸೊಂಟದ ಬಟ್ಟೆಯನ್ನೂ ಮೇಜಿನ ಖಾನೆಗೆ ತುರುಕಿದಳು. ಒರೆಸುವುದಿಲ್ಲ, ಏನು ಮಾಡಿಯಾನು, ಕೈಕಟ್ಟಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಾಳೆ, ಮುಗಿಯಿತು. ಅಕ್ಕಾ, ಬನ್ನಿ.

ಮಾತುಗಳು ತಾವೇ ಬರುತ್ತಿವೆ, ಚೆನ್ನಾಗಿ ಬರುತ್ತಿವೆ, ಬ್ಯಾಂಕಿನವನು ಇವತ್ತು ಬೆವರುತ್ತಿಲ್ಲ, ಪೌಡರು ಮೆತ್ತಿಕೊಂಡಿದ್ದಾನೆ, ಮನೆ ಇಲ್ಲ ಅಂತೀರಾ ಅಮ್ಮಾ, ಇಲ್ಲಪ್ಪ, ನಗು ಸರಿಯಾಗಿ ಕೂತಿತು, ಅವನು ಎದ್ದ, ಹೋದ, ಈಗ ಕಿಟಕಿ, ನಡಿ, ಕೈ ಕಟ್ಟು — ಸುತ್ತ ಬೆಳಕು ಇಳಿಯುತ್ತಿದೆ, ಕಿಟಕಿ ಕತ್ತಲಾಯಿತು, ಎರಡನೇ ಸಾಲು ಕತ್ತಲಾಯಿತು, ಮೇಲೆಲ್ಲೋ ಕಿಟಕ್ಕೆಂದ ಸದ್ದು, ಕುರ್ಚಿಯ ಮೇಲೆ ಬೆಳಕು ಬಿತ್ತು, ಕುರ್ಚಿಯಷ್ಟಗಲವಲ್ಲ, ಕೈಯಷ್ಟಗಲ. ಬಟ್ಟೆ ಇಲ್ಲವಯ್ಯ, ನೋಡು, ಒರೆಸುತ್ತಿಲ್ಲ, ಆರಿಸು. ಅವನಿಗೆ ಹೇಳಿರುವುದು ಒರೆಸಿದ ಮೇಲೆ ಆರಿಸು ಎಂದು. ಅವನು ಹೇಳಿದ್ದನ್ನು ಮಾಡುವವನು. ಯಾರೋ ಕೆಮ್ಮಿದರು. ಆರಿಸಯ್ಯಾ. ಏಣಿಯ ಮೇಲೆ ಕಾಯುತ್ತಿದ್ದಾನೆ, ಎಷ್ಟು ಹೊತ್ತು ಬೇಕಾದರೂ ಕಾಯುತ್ತಾನೆ, ಬರಿ ಮರದ ಕುರ್ಚಿ, ಅದರ ಮೇಲೆ ಆ ದುಂಡನೆ ಬೆಳಕು, ಧೂಳಿಲ್ಲ, ಕಲೆಯಿಲ್ಲ, ಚೆಲ್ಲಿದ ನೀರಿಲ್ಲ, ಒರೆಸಲು ಏನೆಂದರೆ ಏನೂ ಇಲ್ಲ — ಬೆಳಕಿನ ಅಂಚಿನಲ್ಲಿ, ಯಾವಾಗ ಬಂದವೋ, ಅವಳದೇ ಬೆರಳ ತುದಿಗಳು.